ಅಮಸಿದ್ದಕಾಕಾನ ಹಳದಿ ಬೆವರು

“ಯವ್ವಾ, ಅಮಸಿದ್ದಜ್ಜಾ ಅತ್ರ ಕಣ್ಣೀರೂ ಹಳದಿ ಬರ್ತಾವೇನ ಬೇ?”

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಐದು ವರ್ಷದ ಮಗಳು ರೇಷ್ಮಾ ಒಲೆಯ ಮಗ್ಗುಲಿಗೆ ಕುಳಿತು ಉತ್ತರಕ್ಕೆ ಕಾಯುತ್ತಿದ್ದಳು. ಹಿಂದಿನ ದಿನ ಬೀರಪ್ಪನ ಗುಡಿಯ ಮುಂದೆ ದೊಡ್ಡವರ ಸೀರೆ, ದೋತರಗಳ ಸಂದಿಯಿಂದ ಅವಳು ಎಲ್ಲವನ್ನೂ ನೋಡಿದ್ದಳು. ಕಟ್ಟೆಯ ಮೇಲೆ ಕುಳಿತ ಅಮಸಿದ್ದಕಾಕಾನ ಬಿಳಿ ಅಂಗಿಯ ಬೆನ್ನಿಗೆ ಅಂಗೈಯಗಲದ ಹಳದಿ ಕಲೆ, ಅದನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹೆಂಗಸರು.

“ಅಜ್ಜಾ ಅತ್ತದ್ದು ನಾ ನೋಡಿಲ್ಲವಾ,” ಅಂದೆ.

“ನಾ ನೋಡೇನಿ. ಸಾಲಿ ಹಿಂದ, ನೀರಿನ ಟಾಕಿ ಕಡೆ. ದೂರ ಇದ್ದೆ, ಬಣ್ಣ ಕಾಣಲಿಲ್ಲ.”

ಅಷ್ಟು ಹೇಳಿ ಅವಳು ಆಡಲು ಓಡಿದಳು. ಆ ಮನುಷ್ಯ ಯಾರಿಗೂ ಕಾಣದ ಕಡೆ ನಿಂತು ಅಳುವಂತಾದದ್ದು ಹೇಗೆ ಎಂಬುದನ್ನು ಮೊದಲಿನಿಂದ ಬರೆದಿಡುತ್ತೇನೆ.

ನಮ್ಮದು ಬೀಳಗಿ ತಾಲೂಕಿನ ಮುಳುಗಡೆ ಊರು. ಕೃಷ್ಣೆಯ ಹಿನ್ನೀರು ಹಳೆಯ ಊರಿನೊಳಕ್ಕೆ ಬಂದ ಮೇಲೆ ಎತ್ತರದ ಬಯಲಿನಲ್ಲಿ ಎಲ್ಲರಿಗೂ ಜಾಗ ಕೊಟ್ಟರು. ನಮ್ಮ ಹಿತ್ತಲಿಗೂ ಅಮಸಿದ್ದಕಾಕಾನ ಹಿತ್ತಲಿಗೂ ನಡುವೆ ಇರುವುದು ಮೊಣಕಾಲೆತ್ತರದ ಕಲ್ಲಿನ ಗೋಡೆಯಷ್ಟೆ. ರಕ್ತಸಂಬಂಧವಿಲ್ಲ. ನಾನು ಸೊಸೆಯಾಗಿ ಬಂದ ದಿನದಿಂದ ಅವರು ಕಾಕಾ, ಅವರ ಹೆಂಡತಿ ಯಲ್ಲಕ್ಕ ನನಗೆ ಚಿಗವ್ವ.

ಕಾಕಾ ಪ್ರಾಯದಲ್ಲಿ ಕುರಿ ಕಾಯ್ದವರು. ಹುಲ್ಲಿನ ಅಡವಿ ನೀರಿಗೆ ಹೋದಾಗ ಕುರಿ ಮಾರಿ ಹೈಸ್ಕೂಲಿನಲ್ಲಿ ಜವಾನರಾದರು. ಆದರೆ ಕೈ ಡೊಳ್ಳಿನದು. ಸಾಲೆ ಬಿಡುವ ಗಂಟೆಯನ್ನೂ ಡೊಳ್ಳಿನ ಗತ್ತಿನಲ್ಲೇ ಹೊಡೆಯುತ್ತಿದ್ದರು, ಹುಡುಗರು ಕುಣಿಯುತ್ತ ಹೊರಬೀಳುತ್ತಿದ್ದರು. ಹೆಡ್ ಮಾಸ್ತರರು ಒಮ್ಮೆ ತಡೆಯಲಾರದೆ, “ಅಮಸಿದ್ದಪ್ಪಾ, ಇದು ಸಾಲಿ, ಜಾತ್ರಿ ಅಲ್ಲ” ಅಂದಿದ್ದರಂತೆ. “ಹುಡುಗೂರಿಗೆ ಮನಿಗಿ ಹೋಗೂದ ಜಾತ್ರಿ ಅಲ್ಲೇನ್ರಿ ಸರ?” ಅಂದರಂತೆ ಇವರು.

ಆ ಗಂಟೆ ಬರಬರುತ್ತ ನಿಧಾನವಾಯಿತು. ಮೊದಲು ಹೊಟ್ಟೆ ಕೆಟ್ಟಿತು. ದಿನಕ್ಕೆ ಎಷ್ಟೋ ಸಲ ಬಯಲಿಗೆ ಓಡಬೇಕು, ಓಡಿದಾಗೆಲ್ಲ ರಕ್ತ. ಮೂಲವ್ಯಾಧಿ ಅಂದುಕೊಂಡು ಯಾರಿಗೂ ಹೇಳದೆ ಮಜ್ಜಿಗೆ ಕುಡಿದು ಕಾಲ ಕಳೆದರು. “ಸರಕಾರದವರು ಹೊಸ ಊರಾಗ ಎಲ್ಲಾ ಕೊಟ್ಟಾರವಾ, ಬಯಲಿಗೆ ಕುಂತ್ರ ಮರೀಗೆ ಒಂದ ಜಾಲಿಗಿಡಾ ಕೊಟ್ಟಿಲ್ಲ” ಎಂದು ನಗುತ್ತಿದ್ದರು. ಆಮೇಲೆ ಮೊಣಕಾಲು, ಮಣಿಕಟ್ಟು ಬಾತವು. ಡೊಳ್ಳು ಮೂಲೆ ಸೇರಿತು. ಬಸ್ಸು ಹತ್ತಿದರೆ ನಡುವೆ ಇಳಿಯಬೇಕಾದೀತೆಂಬ ಹೆದರಿಕೆಗೆ ಮಗಳ ಊರಾದ ಹುನ್ನೂರಿಗೂ ಹೋಗುವುದನ್ನು ಬಿಟ್ಟರು.

ಚಿಗವ್ವ ಅತ್ತು ಕರೆದು ಅವರನ್ನು ಬಾಗಲಕೋಟೆಯ ಡಾಕ್ಟರ ಹತ್ತಿರ ಹೊರಡಿಸಿದಳು. ಚೀಟಿ ಓದಲು ಬರುತ್ತದೆಂದು ನನ್ನನ್ನೂ ಕರೆದುಕೊಂಡು ಹೋದಳು. ಡಾಕ್ಟರು ಹೊಟ್ಟೆಯೊಳಗೆ ನಳಿಗೆ ಬಿಟ್ಟು ನೋಡಿದರು. ದೊಡ್ಡ ಕರುಳಿನಲ್ಲಿ ಹುಣ್ಣು. ಕೀಲಿನ ಬಾವೂ ಅದರ ಜೋಡಿಯದೇ. ಎರಡಕ್ಕೂ ಒಂದೇ ಗುಳಿಗೆ, ಸಲ್ಫಸಲಜೀನ್. ಬರೆದುಕೊಡುವ ಮುಂಚೆ, ಹಿಂದೆ ಸಲ್ಫಾ ಗುಳಿಗೆಯಿಂದಲೋ ಆಸ್ಪಿರಿನ್ನಿನಿಂದಲೋ ಮೈಮೇಲೆ ಗಂಧೆ ಎದ್ದಿತ್ತೇ ಎಂದು ಎರಡು ಸಲ ಕೇಳಿದರು. ಇಲ್ಲ ಅಂದಮೇಲೆ ಹೇಳಿದರು:

“ಊಟದ ಜೋಡಿ ನುಂಗ್ರಿ, ಕಡೀಬ್ಯಾಡ್ರಿ, ಪುಡಿ ಮಾಡಬ್ಯಾಡ್ರಿ. ನೀರು ಭಾಳ ಕುಡೀರಿ, ಬಿಸಿಲಾಗ ಮೈ ಮುಚ್ಚಿಕೋರಿ. ಒಂದರಿಂದ ಶುರು ಮಾಡಿ ನಾ ಹೇಳಿದಂಗ ಏರಸ್ರಿ. ನಾ ಹೇಳಿದ ದಿನಕ್ಕ ಬಂದು ರಕ್ತಾ ಕೊಡಬೇಕು, ಅದನ್ನ ತಪ್ಪಸಬ್ಯಾಡ್ರಿ. ಜ್ವರ, ಗಂಟಲ ನೋವು, ಬಾಯಾಗ ಹುಣ್ಣು, ಮೈಮ್ಯಾಲೆ ಗುಳ್ಳಿ, ಇದರಾಗ ಒಂದ ಬಂದ್ರೂ ಗುಳಗಿ ನಿಲ್ಲಿಸಿ ಅವತ್ತ ಬರ್ರಿ. ನಾಳೆ ನೋಡೂಣು ಅನಬ್ಯಾಡ್ರಿ. ಒಮ್ಮೊಮ್ಮೆ ರಕ್ತದಾಗಿನ ಬಿಳೀ ಕಣ ಕಡಿಮಿ ಆಗ್ತಾವ, ಜೀವಕ್ಕ ಬರ್ತೈತಿ. ಇನ್ನ ಮೂತ್ರ, ಬೆವರು, ಕಣ್ಣೀರು ಹಳದಿ ಆಗಬಹುದು. ಅದಕ್ಕ ಮಾತ್ರ ಹೆದರಬ್ಯಾಡ್ರಿ.”

“ಅರಿಷಿಣಾ ತೂರೂ ಬೀರಪ್ಪನ ಒಕ್ಕಲದವರಿಗೆ ಹಳದಿ ಹೊಸದೇನ್ರೀ ಸಾಹೇಬ್ರ?” ಎಂದು ಕಾಕಾ ನಕ್ಕರು. ಡಾಕ್ಟರೂ ನಕ್ಕರು. ಆ ಹೊತ್ತಿಗೆ ಅದು ನಗುವ ಮಾತೇ ಆಗಿತ್ತು.

ಗುಳಿಗೆ ಹಿಡಿಯಲು ಸಮಯ ಬೇಕಾಯಿತು. ಮೊದಲ ವಾರಗಳಲ್ಲಿ ತಲೆನೋವು, ಓಕರಿಕೆ ಎಂದು ಗೊಣಗಿದರು. ಮೂರನೆಯ ತಿಂಗಳಿನಲ್ಲಿ ಸಾಲೆಯ ಗಂಟೆಗೆ ಹಳೆಯ ಗತ್ತು ಮರಳಿತು. ನಾವು ಹಿತ್ತಲಲ್ಲಿ ಕಿವಿಗೊಟ್ಟು ನಿಂತೆವು. ಚಿಗವ್ವ, “ಕೇಳ ಬೇ, ಕೇಳ” ಎಂದು ನನ್ನ ತೋಳು ಹಿಡಿದುಕೊಂಡಳು.

ಶ್ರಾವಣದ ಅಮಾವಾಸ್ಯೆಗೆ ಕಾಕಾ ಮತ್ತೆ ಡೊಳ್ಳು ಕಟ್ಟಿಕೊಂಡರು.

ಹೊಸ ಊರಿನ ಬೀರಪ್ಪನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಮುಳುಗಡೆಯಾದಾಗ ದೇವರ ಕಲ್ಲನ್ನು ಟ್ರ್ಯಾಕ್ಟರಿನಲ್ಲಿ ತಂದು ತಗಡಿನ ಗುಡಿಯಲ್ಲಿ ಕೂರಿಸಿದ್ದರು. ಆದರೆ ಹಳೆಯ ಊರಿನಲ್ಲಿ ಅಮಾವಾಸ್ಯೆಗೊಮ್ಮೆ ಪೂಜಾರಿಯ ಮೈಮೇಲೆ ಬರುತ್ತಿದ್ದ ದೇವರು ಇಲ್ಲಿ ಯಾರ ಮೈಮೇಲೂ ಬಂದಿರಲಿಲ್ಲ. ಕಲ್ಲು ಬಂದಿದೆ, ದೇವರು ನೀರಿನಲ್ಲೇ ಉಳಿದಿದ್ದಾನೆ ಎಂದು ಕೆಲವರು ಅನ್ನುತ್ತಿದ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೆಯ ಗುಡಿಯ ಶಿಖರ ಕಂಡಾಗ ಕೆಸರು ತುಳಿದು ಅಲ್ಲಿಗೇ ಹೋಗಿ ಕಾಯಿ ಒಡೆದು ಬರುತ್ತಿದ್ದರು. ಗುಡಿಯ ಹಿರಿಯ ಗುರಪ್ಪ ಮುತ್ಯಾನಿಗೆ ಇದೇ ಕೊರಗು. “ದೇವರ ಇಲ್ಲದ ಊರಾಗ ಯಾರ ಉಳೀತಾರ?” ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದರು.

ಆ ಅಮಾವಾಸ್ಯೆಯ ಮಧ್ಯಾಹ್ನ ಸೆಖೆ ಬಹಳ. ಎಷ್ಟೋ ಕಾಲದ ಮೇಲೆ ಡೊಳ್ಳು ಮುಟ್ಟಿದ ಕಾಕಾ ಮೈಮರೆತು ಬಾರಿಸಿದರು. ಪೂಜೆ ಇನ್ನೂ ಆಗಿರಲಿಲ್ಲ. ದೇವರಿಗೆ ತೂರುವ ಅರಿಶಿನಪುಡಿ, ಅಂದರೆ ಭಂಡಾರ, ಇನ್ನೂ ಚೀಲದಲ್ಲೇ ಇತ್ತು. ಚೀಲದ ಬಾಯಿಗೆ ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ. ಕಾಕಾ ತಿರುಗಿದಾಗ ಬೆನ್ನಿಗೆ ಅಂಟಿದ ಬಿಳಿ ಅಂಗಿ ಹಳದಿಯಾಗಿತ್ತು.

ಮೊದಲು ಕಂಡವಳು ಮುದುಕಿ ಸಾತವ್ವ. “ಬಂದಾನಲೇ! ಬೀರಪ್ಪ ಬಂದಾನ! ಚೀಲಾ ಬಿಚ್ಚಿಲ್ಲ, ಭಂಡಾರ ಮೈಯೊಳಗಿಂದ ಒಡದೈತಿ!”

ಕಾಕಾ ಏನೋ ಹೇಳಿದರು. ಉಳಿದ ಡೊಳ್ಳುಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ನಾನು ನೋಡನೋಡುತ್ತ ಜನ ಅವರ ಕಾಲಿಗೆ ಬಿದ್ದರು. ಗುರಪ್ಪ ಮುತ್ಯಾ ಕಣ್ಣೊರೆಸಿಕೊಳ್ಳುತ್ತಿದ್ದರು.

ಮರುದಿನ ಮುಂಜಾನೆಯೇ ಕಾಕಾ ಮುತ್ಯಾನ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದರು. ಗುಳಿಗೆಯ ಪಟ್ಟಿಯನ್ನೂ ತೋರಿಸಿದರು. ಮುತ್ಯಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರಂತೆ: “ಇದನ್ನ ಕೊಟ್ಟಾವ ಯಾರಲೇ?”

“ಡಾಕ್ಟರ.”

“ಡಾಕ್ಟರನ ಕೈಲೆ ಕೊಡಸಿದಾವ ಯಾರು?”

“ಆಂವ ಬರಾಕ ಒಂದ ದಾರಿ ಬೇಕಾಗಿತ್ತು, ಬಂದ. ಇನ್ನ ಗುಳಗಿ ಕೆಲಸಾ ತೀರಿತು,” ಅಂದು ಮುತ್ಯಾ ಪಟ್ಟಿಯನ್ನು ಗೂಡಿನಲ್ಲಿಟ್ಟುಬಿಟ್ಟರು.

ದೇವರು ಬಂದ ಮೈಗೆ ಕಟ್ಟಳೆಗಳಿವೆ. ಮಹಾನವಮಿಯ ತನಕ ಒಪ್ಪತ್ತು, ಮಧ್ಯಾಹ್ನ ಒಂದೇ ಊಟ. ಊರ ಸೀಮೆ ದಾಟುವಂತಿಲ್ಲ. ಊರ ಹೊರಗಿನ ಔಷಧ ಮುಟ್ಟುವಂತಿಲ್ಲ. ಸಾಲೆ ಬಿಟ್ಟ ಮೇಲೆ ಗುಡಿಯ ಕಟ್ಟೆಯ ಮೇಲೆ ಬಂದವರಿಗೆಲ್ಲ ಕಾಣುವಂತೆ ಬಿಸಿಲಿನಲ್ಲಿ ಕೂರಬೇಕು. ಊಟದ ಜೊತೆ ಎರಡು ಹೊತ್ತು ಗುಳಿಗೆ ನುಂಗಬೇಕಾದ, ಬಾಗಲಕೋಟೆಗೆ ಹೋಗಿ ರಕ್ತ ಕೊಟ್ಟು ಬರಬೇಕಾದ, ಬಿಸಿಲಿಗೆ ಮೈ ಮುಚ್ಚಿಕೊಳ್ಳಬೇಕಾದ ಮನುಷ್ಯನಿಗೆ ಇದಕ್ಕಿಂತ ಬಿಗಿಯಾದ ಕಟ್ಟು ಯಾರೂ ಬೇಕೆಂದರೂ ಹೆಣೆಯಲಾರರು. ಹೆಣೆದವರು ಅವರನ್ನು ಪ್ರೀತಿಸುವವರೇ.

“ನನ್ನ ಮೈಮ್ಯಾಲೆ ದೇವರು ಬರೂದಿಲ್ಲ ಅಂತ ಹೇಳಿಬಿಡ್ರಿ ಕಾಕಾ,” ಅಂದೆ, ಗೋಡೆಯ ಮೇಲಿಂದ.

“ಹೇಳಿದೆನಲ್ಲವಾ. ಹೇಳಿದ್ದನ್ನ ದೇವರ ಲೆಕ್ಕಕ್ಕ ಜಮಾ ಮಾಡಿಕೊಂಡ್ರು,” ಅಂದರು. ಆಮೇಲೆ, “ನಿನ್ನೆ ಆ ಕೆಳಗಿನ ಓಣಿ ಮಂದಿ ಪಾಯಾ ಹಾಕಿಸಿದ್ರು, ನೋಡಿದಿ? ದೇವರಿಲ್ಲದ ಊರಾಗ ಮನಿ ಕಟ್ಟೂದಿಲ್ಲ, ಬಿಟ್ಟು ಹೋಗ್ತೇವಿ ಅಂತಿದ್ದವರು. ಒಮ್ಮೊಮ್ಮೆ ನನಗೂ ಅನಸ್ತೈತಿ, ಬಂದಾನೇನೋ ಅಂತ” ಎಂದರು.

ಮೊದಲು ಕಾಕಾ ಮನೆಯಲ್ಲಿ ಉಳಿದಿದ್ದ ಗುಳಿಗೆಗಳನ್ನು ಬರಿಹೊಟ್ಟೆಯಲ್ಲಿ ಕದ್ದು ನುಂಗಿದರು, ವಾಂತಿಯಾಯಿತು. ಕೆಲವು ದಿನ ಹಾಗೆ ಹೆಣಗಾಡಿ ಬಿಟ್ಟೇಬಿಟ್ಟರು. ಚಿಗವ್ವ ತೊಳೆದು ಒಣಹಾಕುವ ಅಂಗಿಗಳು ದಿನದಿನಕ್ಕೆ ಬಿಳಿಯಾಗುತ್ತ ಬಂದವು. ಹಗ್ಗದ ಮೇಲಿನ ಆ ಬಿಳುಪನ್ನು ನಾನು ದಿನವೂ ಗೋಡೆಯ ಈಚೆಯಿಂದ ನೋಡುತ್ತಿದ್ದೆ.

ಬಿಳುಪನ್ನು ಸಾತವ್ವನೂ ನೋಡಿದಳು. “ದೇವರು ಸಿಟ್ಟಾಗ್ಯಾನ. ಅಮಸಿದ್ದ ಏನೋ ತಪ್ಪ ಮಾಡ್ಯಾನ,” ಎಂದು ಸುದ್ದಿ ಹಬ್ಬಿಸಿದಳು. ಒಪ್ಪತ್ತಿನ ಜೊತೆಗೆ ಸೋಮವಾರದ ನಿರಾಹಾರ ಸೇರಿತು. ಕಾಕಾನ ಮೊಣಕಾಲು ಮತ್ತೆ ಬಾತವು. ಕುಂಟುವುದನ್ನು ನೋಡಲಾರದೆ ಮುತ್ಯಾನೇ ಕಿರಾಣಿ ಅಂಗಡಿಯಿಂದ ನೋವಿನ ಗುಳಿಗೆ ತಂದುಕೊಟ್ಟರು.

“ಔಷಧಾ ಮುಟ್ಟಬಾರದಂತ ಅಂದ್ರಲ್ಲ ಮುತ್ಯಾ?”

“ಇದು ಔಷಧಾನ? ಇದು ಚಾ ಇದ್ದಂಗ. ನುಂಗ.”

ಕರುಳಿನ ಹುಣ್ಣಿರುವವರು ತಮ್ಮನ್ನು ಕೇಳದೆ ಅಂಥ ನೋವಿನ ಗುಳಿಗೆ ನುಂಗಬಾರದೆಂದು ಡಾಕ್ಟರು ಚೀಟಿಯಲ್ಲೇ ಗೆರೆ ಎಳೆದು ಬರೆದಿದ್ದರು. ನನಗೆ ಗೊತ್ತಾಗುವ ಹೊತ್ತಿಗೆ ಕಾಕಾ ಅದನ್ನು ಎರಡು ದಿನ ನುಂಗಿಯಾಗಿತ್ತು. ಮೂರನೆಯ ದಿನ ಚಿಗವ್ವ ಗೋಡೆ ದಾಟಿ ಬಂದು ನನ್ನ ಸೆರಗು ಹಿಡಿದಳು. “ಬರೇ ಕೆಂಪ ಹೊಂಟೈತಿ ಬೇ ಕಾವೇರಿ. ಏಳಾಕ ಒಲ್ರು. ಏನರ ಮಾಡ ಬೇ.”

ರೇಷ್ಮಾಳನ್ನು ಸೊಂಟಕ್ಕೆ ಎತ್ತಿಕೊಂಡು ಮುತ್ಯಾನ ಮನೆಗೆ ನಡೆದೆ. ಅವರು ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದರು.

“ಮುತ್ಯಾ, ಕಾಕಾನ್ನ ಬಾಗಲಕೋಟಿಗೆ ಒಯ್ಯಬೇಕು. ಈಗ.”

“ಸೀಮಿ ದಾಟೂ ಹಂಗಿಲ್ಲ ತಂಗಿ. ದೇವರು ಮೈಮ್ಯಾಲೆ ಅದಾನ.”

“ಪಲ್ಲಕ್ಕಿಯೊಳಗ ಕುಂತಾಗ ದೇವರು ಹೊಳಿಗೆ ಹೋಗೂದಿಲ್ಲೇನ್ರಿ? ಆಗ ಸೀಮಿ ದಾಟೂದಿಲ್ಲೇನ್ರಿ?”

“ಅದು ಜಳಕಕ್ಕ.”

“ಬಾಗಲಕೋಟಿಗೆ ಹೋಗೂ ದಾರಿಯಾಗೂ ಹೊಳಿ ಐತ್ರಿ. ಬ್ರಿಜ್ಜಿನ ಮ್ಯಾಲೆ ಹಣಿಗೆ ನೀರ ಮುಟ್ಟಸ್ತೇನಿ.”

ಮುತ್ಯಾ ಉಣ್ಣೆ ಕೆಳಗಿಟ್ಟು ನನ್ನನ್ನೇ ನೋಡಿದರು. ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. “ಆಂವ ಸತ್ರ ಊರು ನನ್ನ ಬಿಡ್ತೈತೇನು?” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ, “ಸಾತವ್ವನ್ನ ಜೋಡಿ ಕರ್ಕೊಂಡು ಹೋಗ. ಭಂಡಾರದ ಚೀಲಾನೂ ಬರ್ಲಿ,” ಅಂದರು.

ಹೀಗೆ ಕೆಂಪು ಬಸ್ಸಿನಲ್ಲಿ ಕಾಕಾ, ಚಿಗವ್ವ, ನಾನು, ರೇಷ್ಮಾ ಮತ್ತು ಮಡಿಲಲ್ಲಿ ಭಂಡಾರದ ಚೀಲವಿಟ್ಟುಕೊಂಡ ಸಾತವ್ವ. ಕಾಕಾ ಕಿಟಕಿಗೆ ಹಣೆ ಹಚ್ಚಿ ಕಣ್ಣು ಮುಚ್ಚಿದ್ದರು. ಎರಡು ಸಲ ಬಸ್ಸು ನಿಲ್ಲಿಸಿದೆವು. ಕಂಡಕ್ಟರು ಗೊಣಗಲು ಬಾಯಿ ತೆರೆದರೆ ಸಾತವ್ವ ಅವನ ಹಣೆಗೆ ಹಿಡಿ ಭಂಡಾರ ಹಚ್ಚಿ ಸುಮ್ಮನಾಗಿಸಿದಳು.

ಡಾಕ್ಟರು ನಾಲ್ಕು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಮೈಯಲ್ಲಿ ರಕ್ತ ಬಹಳ ಇಳಿದಿತ್ತು. ಬಿಳಿಯ ಕಣ, ಪಿತ್ತಜನಕಾಂಗ ಸರಿಯಿದ್ದವು. ನೋವಿನ ಗುಳಿಗೆ ಬಂದ್ ಮಾಡಿಸಿದರು, ಹಳದಿ ಬರಿಸುವ ಗುಳಿಗೆಯನ್ನು ಮತ್ತೆ ಒಂದರಿಂದ ಶುರು ಮಾಡಿಸಿದರು. “ನಿಮ್ಮ ಮನಸಿಗೆ ಬಂದಂಗ ಬಿಡೂದು, ಮನಸಿಗೆ ಬಂದಂಗ ನುಂಗೂದು, ಎರಡೂ ಒಂದ ತಪ್ಪು,” ಎಂದು ಬೈದರು. ಕಾಕಾ ತಲೆ ತಗ್ಗಿಸಿ ಬೈಸಿಕೊಂಡರು. ಯಾರು ಬಿಡಿಸಿದರೆಂದು ಹೇಳಲಿಲ್ಲ.

ಹೊರಗಿನ ಬೆಂಚಿನ ಮೇಲೆ ಮುಧೋಳದ ಸಾಲೆಯ ಟೀಚರೊಬ್ಬರು ಕೂತಿದ್ದರು. ಮಾದೇವಿ ಎಂದು ಹೆಸರು. ಬೆರಳ ಕೀಲುಗಳಿಗೆ ಅದೇ ಗುಳಿಗೆ ನುಂಗುವವರು. ಅವರ ಬಿಳಿಯ ಕರವಸ್ತ್ರಕ್ಕೆ ಹಳದಿ ಹತ್ತಿತ್ತು. ಸಾತವ್ವ ಸರಿದು ಸರಿದು ಅವರ ಪಕ್ಕಕ್ಕೆ ಹೋದಳು.

“ನಿಮ್ಮ ಮನಿದೇವರು ಯಾವುದವಾ?”

“ಯಾಕ್ರೀ ಆಯಿ?”

“ಬೀರಪ್ಪೇನು?”

“ಅಲ್ರೀ. ಇದು ಗುಳಗಿ ಬಣ್ಣ. ಇದನ್ನ ನುಂಗಿದ್ರ ಯಾರಿಗ್ಯಾದ್ರೂ ಬರಬಹುದು.” ಟೀಚರು ಪಟ್ಟಿ ತೆಗೆದು ತೋರಿಸಿದರು. ಸಾತವ್ವ ಅದನ್ನು ಬಹಳ ಹೊತ್ತು ನೋಡಿದಳು. ಈಗ ತಿಳಿಯಿತು, ಇಲ್ಲಿಗೆ ಮುಗಿಯಿತು ಎಂದು ನನಗೆ ಜೀವ ಹಗುರಾಯಿತು. ಚಿಗವ್ವ ನನ್ನ ಕೈ ಒತ್ತಿದಳು.

ಊರಿಗೆ ಮರಳಿ ಬಸ್ಸಿಳಿದ ಸಾತವ್ವ ಗುಡಿಯ ಮುಂದೆ ಹೇಳಿದ್ದು ಹೀಗೆ: “ನಮ್ಮ ಬೀರಪ್ಪ ಮುಧೋಳದ ತನಕಾ ಹೋಗ್ಯಾನ! ಒಕ್ಕಲ ಅಲ್ಲದ ಹೆಣ್ಣಮಗಳ ಮೈಯಾಗೂ ಭಂಡಾರ ಒಡದೈತಿ! ಎಲ್ಲಾ ಆ ಗುಳಗಿ ಮಹಿಮಾ!”

ಅಂದಿನಿಂದ ಗುಳಿಗೆ ಪ್ರಸಾದವಾಯಿತು. ಮುತ್ಯಾ ಸಂತೋಷದಿಂದ ಒಪ್ಪಿದರು: “ಪ್ರಸಾದ ಅಂದ್ಮ್ಯಾಲೆ ನುಂಗಲಿ, ರಕ್ತಾ ಕೊಡಾಕ ಹೋಗ್ಲಿ. ಊಟ ಮಾತ್ರ ಒಂದ ಹೊತ್ತು.” ಒಂದು ಗಂಟು ಸಡಿಲವಾಯಿತು, ಇನ್ನೊಂದು ಬಿಗಿಯಿತು. ಗುಳಿಗೆ ಶುರುವಾದಂತೆ ಬೆವರಿಗೆ ಬಣ್ಣ ಬಂತು, ಬಣ್ಣದ ಹಿಂದೆ ಜನ ಬಂದರು. ಈಗ ಅವರು ಅಂಗಿ ಮುಟ್ಟಿ ಸುಮ್ಮನಾಗಲಿಲ್ಲ. “ನನಗೊಂದು ಕೊಡ ಅಮಸಿದ್ದ. ಮಣಕಾಲ ಹಿಡದಾವು.” “ನಮ್ಮ ಎಮ್ಮಿ ಗಬ್ಬ ನಿಂದ್ರವಲ್ದು, ಒಂದ ಪ್ರಸಾದ ಕೊಡೋ.” ಕಾಕಾ ಯಾರಿಗೂ ಕೊಡದಿದ್ದಾಗ ಸಾತವ್ವ ಒಂದನ್ನು ಅವರ ಮನೆಯ ಗೂಡಿನಿಂದ ತಾನೇ ತೆಗೆದುಕೊಂಡು, ಸಕ್ಕರೆಯಂತೆ ಕಡಿದು ತಿಂದು, ಇಡೀ ದಿನ ವಾಂತಿ ಮಾಡಿದಳು. ಪಾಪ ಹೊರಗೆ ಹೋಯಿತು ಅಂದಳು.

ಕಾಕಾನನ್ನು ನಿಜವಾಗಿ ನಡುಗಿಸಿದವಳು ಅನಸವ್ವ. ಹಿಂದೊಮ್ಮೆ ಸಲ್ಫಾ ಗುಳಿಗೆ ನುಂಗಿ ಮುಖವೆಲ್ಲ ಊದಿ ಉಸಿರು ಸಿಗದೆ ಬೀಳಗಿಯ ದವಾಖಾನೆ ಸೇರಿದ್ದವಳು. ಅವಳೂ ಕಟ್ಟೆಯ ಮುಂದೆ ಕೈಯೊಡ್ಡಿ ನಿಂತಳು. ಕಾಕಾ ಕೊಡಲಿಲ್ಲ. “ನಿನಗಿದು ವಿಷಾ ಐತಿ ಅನಸವ್ವಾ, ಮುಟ್ಟಬ್ಯಾಡ,” ಅಂದರು. “ಎಲ್ಲಾರಿಗೂ ಪ್ರಸಾದ, ನನಗ ವಿಷಾ? ನಾ ಏನ ಪಾಪಾ ಮಾಡೇನೋ ಯಪ್ಪಾ?” ಎಂದು ಅವಳು ಅಲ್ಲೇ ಕುಸಿದು ಅತ್ತಳು. ಜನ ಕಾಕಾನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. ದೇವರನ್ನು ಬಚ್ಚಿಟ್ಟುಕೊಂಡವನನ್ನು ನೋಡುವಂತೆ ನೋಡಿದರು. ರೇಷ್ಮಾ ನೀರಿನ ಟಾಕಿಯ ಕಡೆ ಕಂಡದ್ದು ಅಂದು ಸಂಜೆಯೇ ಇರಬೇಕು.

ಅವಳು ನನ್ನನ್ನು ಕೇಳಿದ ದಿನ ಇಳಿಹೊತ್ತಿಗೆ ಕಾಕಾ ಗೋಡೆಯ ಹತ್ತಿರ ಬಂದು ನಿಂತರು. ಟವೆಲಿನಲ್ಲಿ ಸುತ್ತಿದ ಗಂಟೊಂದು ಕೈಯಲ್ಲಿತ್ತು. ಆಚೀಚೆ ನೋಡಿ ಅದನ್ನು ನನ್ನ ಕಡೆ ಚಾಚಿದರು.

“ಈ ಗುಳಗೀನ ನಿಮ್ಮ ಮನಿಯಾಗ ಇಟ್ಕೋತೀ ಏನವಾ? ಎತ್ತರಕ್ಕ ಇಡು, ಕೂಸಿನ ಕೈಗೆ ಸಿಗದಂಗ. ನಮ್ಮ ಮನಿಯಾಗಿದ್ರ ಅನಸವ್ವ ಒಂದಿಲ್ಲ ಒಂದಿನಾ ತಗೋತಾಳ.”

ತೆಗೆದುಕೊಂಡೆ. ಅವರು ಇನ್ನೂ ನಿಂತಿದ್ದರು.

“ಇನ್ನೊಂದು. ಮುಂಜಾನಿ, ಸಂಜಿಗೆ ಹಿತ್ತಲ ಬಾಗಲಾ ತಗದಿಡು. ಒಂದ ರೊಟ್ಟಿ ಸಾಕು, ಪಲ್ಯ ಇರದಿದ್ರೂ ಆತು. ಊಟದ ಜೋಡಿ ನುಂಗಬೇಕಲ್ಲ. ಯಾರರ ಕೇಳಿದ್ರ ರೇಷ್ಮಾಗ ಹಾಡ ಕಲಸಾಕ ಬರ್ತಾನ ಅನ್ನು.”

“ಬರ್ರಿ ಕಾಕಾ. ರೊಟ್ಟಿಗೇನು ಬರ ಐತ್ರಿ ನಮ್ಮನಿಯಾಗ?”

ಅವರು ತಲೆಯಾಡಿಸಿದರು, ಹೋಗಲಿಲ್ಲ. ಗೋಡೆಯ ಕಲ್ಲಿನ ಮೇಲೆ ಅಂಗೈಯೂರಿ, ನನ್ನನ್ನು ನೋಡದೆ ಹೇಳಿದರು:

“ಖರೆ ಕೇಳೂದು ಬ್ಯಾರೇನ ಐತಿ. ಡಾಕ್ಟರ ಹೇಳ್ಯಾರಲ್ಲ, ಜ್ವರ ಬಂದು ಗಂಟಲ ನೋಯಾಕತ್ತಿದ್ರ ಅವತ್ತ ಹೋಗಬೇಕಂತ. ಜ್ವರ ಬಂದ್ರ ನಾ ನಡಗ್ತೇನಿ. ನಡಗೂದು ನೋಡಿ ಮಂದಿ ಡೊಳ್ಳ ತರ್ತಾರ, ದೇವರು ಬಂದಾನ ಅಂತಾರ. ಡೊಳ್ಳಿನ ಸಪ್ಪಳಾ ಕೇಳಿದ್ರ ನಾನೂ ಹೂಂ ಅಂದಬಿಡ್ತೇನಿ ಯವ್ವಾ, ನನಗೊತ್ತೈತಿ. ಅವತ್ತ ನೀ ಅವರ ಮಾತೂ ಕೇಳಬ್ಯಾಡ, ನನ್ನ ಮಾತೂ ಕೇಳಬ್ಯಾಡ. ನಾ ಒಲ್ಲೆ ಅಂದ್ರೂ, ಬೈದ್ರೂ, ಕೈ ಹಿಡದು ಎಳಕೊಂಡು ಹೋಗಿ ಬಸ್ಸಿಗೆ ಹತ್ತಸು. ಇಷ್ಟ ಮಾಡ್ತೀ ಏನು?”